ಲ್ಯಾಪ್‌ಟಾಪ್ ಸ್ಲೋ ಇಲ್ಲ, ಆಂಟಿವೈರಸ್ ಕ್ಲೀನ್ ಅಂತಿದೆ, ಆದ್ರೂ ಅಕೌಂಟ್ ಹೋಯ್ತು: ಇದು ಸ್ಪೈವೇರ್ ಕೆಲಸಾನಾ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ ಹತ್ರ ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಕೆಲವು ದಿನದ ಹಿಂದೆ ಸರ್ವೀಸ್ ಹುಡುಗ ಒಬ್ಬ ಬಂದು ಲ್ಯಾಪ್‌ಟಾಪ್‌ಗೆ ಡಿಸೈನ್ ಸಾಫ್ಟ್‌ವೇರ್ ಹಾಕಿ ಆಕ್ಟಿವೇಟ್ ಮಾಡಿಕೊಟ್ಟ. ಹೋದ ವಾರ ಅಂಗಡಿಯ ಇನ್‌ಸ್ಟಾಗ್ರಾಂ ಪೇಜ್ ಕೈತಪ್ಪಿ ಹೋಯ್ತು, ಅದೇ ರಾತ್ರಿ ಜಿಮೇಲ್ ಬೇರೆ ಎಲ್ಲೋ ಓಪನ್ ಆಗಿದೆ ಅಂತ ಮೆಸೇಜ್ ಬಂತು. ಎರಡಕ್ಕೂ ಓಟಿಪಿ ಇಟ್ಟಿದ್ದೆ, ಆದ್ರೆ ಯಾವ ಓಟಿಪಿನೂ ಬರಲಿಲ್ಲ, ನಾನು ಯಾರಿಗೂ ಹೇಳೂ ಇಲ್ಲ. ಲ್ಯಾಪ್‌ಟಾಪ್ ಸ್ಲೋ ಆಗಿಲ್ಲ, ಸ್ಕ್ಯಾನ್ ಮಾಡಿದ್ರೆ ಏನೂ ಇಲ್ಲ ಅನ್ನುತ್ತೆ. ಮಗಳು ಸಂಜೆ ಇದೇ ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್ ಟ್ಯೂಷನ್‌ಗೆ ಕೂರ್ತಾಳೆ, ಕ್ಯಾಮೆರಾದಿಂದ ಯಾರಾದ್ರೂ ನೋಡ್ತಿದ್ದಾರಾ ಅಂತ ಭಯ. ಒಳಗೆ ಸ್ಪೈವೇರ್ ಇದೆಯಾ? ಫಾರ್ಮ್ಯಾಟ್ ಹೊಡೆಸಿದ್ರೆ ಸಾಕಾ?

ಉತ್ತರ: ಫಾರ್ಮ್ಯಾಟ್ ಬೇಕು ಮೇಡಂ, ಆದ್ರೆ ಸಾಕಾಗಲ್ಲ, ಮತ್ತೆ ಇವತ್ತು ಮೊದಲು ಮಾಡಬೇಕಾದ ಕೆಲಸ ಅದಲ್ಲ. ಇದನ್ನ ಓದ್ತಿರೋದು ಆ ಲ್ಯಾಪ್‌ಟಾಪ್‌ನಲ್ಲೇ ಆಗಿದ್ರೆ ದಯವಿಟ್ಟು ಅದರ ವೈಫೈ ಆಫ್ ಮಾಡಿ ಪಕ್ಕಕ್ಕಿಟ್ಟು ಫೋನ್‌ನಲ್ಲಿ ಓದಿ. ಆ ಲ್ಯಾಪ್‌ಟಾಪ್‌ನಿಂದ ಯಾವ ಪಾಸ್‌ವರ್ಡೂ ಬದಲಾಯಿಸಬೇಡಿ, ಯಾಕಂದ್ರೆ ಒಳಗೆ ಏನಾದ್ರೂ ಇನ್ನೂ ಕೂತಿದ್ರೆ ಹೊಸ ಪಾಸ್‌ವರ್ಡೂ ಅದೇ ದಾರೀಲಿ ಹೋಗುತ್ತೆ.

ಫೋನ್‌ನಿಂದ ಗೂಗಲ್ ಅಕೌಂಟ್‌ನ ಸೆಕ್ಯುರಿಟಿ ಪುಟಕ್ಕೆ ಹೋಗಿ, ಯಾವ್ಯಾವ ಡಿವೈಸ್‌ನಲ್ಲಿ ಲಾಗಿನ್ ಆಗಿದೆ ಅಂತ ಪಟ್ಟಿ ಇರುತ್ತೆ, ಕೈಯಲ್ಲಿರೋ ಫೋನ್ ಒಂದು ಬಿಟ್ಟು ಉಳಿದ ಎಲ್ಲದರಿಂದ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಾಯಿಸಿ. ರಿಕವರಿ ಫೋನ್ ನಂಬರ್, ರಿಕವರಿ ಮೇಲ್ ಎರಡೂ ನಿಮ್ಮದೇ ಇದೆಯಾ ನೋಡಿ. ಇನ್ನೊಂದು ಜಾಗ ಇದೆ, ಸುಮಾರು ಜನ ಅಲ್ಲಿಗೆ ಹೋಗೋದೇ ಇಲ್ಲ: ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿರೋ ಫಿಲ್ಟರ್ಸ್ ಮತ್ತೆ ಫಾರ್ವರ್ಡಿಂಗ್. ಇದು ಫೋನ್ ಆ್ಯಪ್‌ನಲ್ಲಿ ಕಾಣಲ್ಲ, ಮನೆಯವರ ಬೇರೆ ಕಂಪ್ಯೂಟರ್ ಇದ್ರೆ ಅಲ್ಲಿ ಬ್ರೌಸರ್‌ನಲ್ಲಿ ತೆಗೆದು ನೋಡಿ. ಒಳಗೆ ನುಗ್ಗಿದವರು ಅಲ್ಲಿ ಒಂದು ಫಿಲ್ಟರ್ ಹಾಕಿ ಹೋಗಿರ್ತಾರೆ, ಬ್ಯಾಂಕ್‌ನಿಂದಲೋ ಇನ್‌ಸ್ಟಾಗ್ರಾಂನಿಂದಲೋ ಬಂದ ಮೇಲ್ ನಿಮ್ಮ ಕಣ್ಣಿಗೇ ಬೀಳದ ಹಾಗೆ ಸೀದಾ ಟ್ರಾಶ್‌ಗೆ, ಇಲ್ಲಾ ಇನ್ನೊಂದು ಅಡ್ರೆಸ್‌ಗೆ. ನೀವು ಪಾಸ್‌ವರ್ಡ್ ಬದಲಾಯಿಸಿದ್ರೂ ಆ ಫಿಲ್ಟರ್ ಹಾಗೇ ಕೆಲಸ ಮಾಡ್ತಾ ಇರುತ್ತೆ.

ಇಷ್ಟು ಮಾಡಿ ಬನ್ನಿ, ಆಮೇಲೆ ಏನಾಗಿದೆ ಅಂತ ಹೇಳ್ತೀನಿ.

ಸ್ಪೈವೇರ್, ಅಂದ್ರೆ ಕದ್ದು ನೋಡೋ ಸಾಫ್ಟ್‌ವೇರ್, ಅಂದ್ರೆ ನಮ್ಮ ತಲೇಲಿ ಇರೋ ಚಿತ್ರ ಸುಮಾರು ಇಪ್ಪತ್ತು ವರ್ಷ ಹಳೇದು. ಆಗ ಸೈಬರ್ ಕೆಫೆಗಳ ಕಾಲ, ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆಗೆದ್ರೆ ಮೇಲ್ಗಡೆ ಅರ್ಧ ಸ್ಕ್ರೀನ್ ತುಂಬ ಟೂಲ್‌ಬಾರ್, ಹೋಮ್ ಪೇಜ್ ತಾನಾಗೇ ಬದಲಾಗೋದು, ಒಂದು ವಿಂಡೋ ಮುಚ್ಚಿದ್ರೆ ಎರಡು ಜಾಹೀರಾತು ತೆರ್ಕೊಳ್ಳೋದು. ಗೇಟರ್ ಅಂತ ಒಂದಿತ್ತು, ಫಾರ್ಮ್ ತುಂಬಿಕೊಡ್ತೀನಿ ಅಂತ ಬಂದು ನೀವು ಯಾವ್ಯಾವ ಸೈಟ್‌ಗೆ ಹೋಗ್ತೀರಿ ಅಂತ ನೋಡ್ಕೊಂಡು ಜಾಹೀರಾತು ತೋರಿಸ್ತಿತ್ತು. ಕೂಲ್‌ವೆಬ್‌ಸರ್ಚ್ ಅಂತ ಇನ್ನೊಂದು, ಅದನ್ನ ಕಿತ್ತು ಹಾಕೋದೇ ದೊಡ್ಡ ರಾಮಾಯಣ. ಇವು ಮಷೀನನ್ನ ಹಿಂಡಿ ಹಿಪ್ಪೆ ಮಾಡ್ತಿದ್ವು, ಹಾಗಾಗಿ ಸ್ಲೋ ಆದ್ರೆ ವೈರಸ್, ಸ್ಲೋ ಆಗದಿದ್ರೆ ಏನೂ ಇಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಬೇರೂರಿಬಿಡ್ತು. ಅಂಗಡಿಗಳಲ್ಲಿ ಇವತ್ತಿಗೂ ಅದೇ ಮಾತು.

ಗುಟ್ಟಾಗಿ ಕೂರೋದು ಆಗಲೂ ಇತ್ತು ಅನ್ನಿ, ಅದೂ ದೊಡ್ಡ ದೊಡ್ಡ ಕಂಪನಿಗಳಿಂದ. 2005ರಲ್ಲಿ ಸೋನಿ ಬಿಎಂಜಿಯವರು ಮಾರಿದ ಹಾಡಿನ ಸಿಡಿಗಳನ್ನ ಕಂಪ್ಯೂಟರ್‌ಗೆ ಹಾಕಿ ಅದರ ಪ್ಲೇಯರ್ ಇನ್‌ಸ್ಟಾಲ್ ಮಾಡಿದ್ರೆ, ಕಾಪಿ ತಡೆಯೋ ನೆಪದಲ್ಲಿ ಒಂದು ರೂಟ್‌ಕಿಟ್ ಕೂತ್ಕೊಳ್ತಿತ್ತು, ತನ್ನನ್ನ ತಾನೇ ವಿಂಡೋಸ್‌ನ ಕಣ್ಣಿಂದ ಮರೆ ಮಾಡ್ಕೊಳ್ಳೋ ಅಂಥದ್ದು. ಮಾರ್ಕ್ ರಸಿನೋವಿಚ್ ಅನ್ನೋ ವಿಂಡೋಸ್ ತಜ್ಞರು ತಮ್ಮದೇ ಕಂಪ್ಯೂಟರ್‌ನಲ್ಲಿ ಅದನ್ನ ಹಿಡಿದು ಆ ವರ್ಷ ಅಕ್ಟೋಬರ್ 31ಕ್ಕೆ ಬರೆದ್ರು, ಗಲಾಟೆ ಆಗಿ ಕಂಪನಿ ಸಿಡಿಗಳನ್ನ ವಾಪಸ್ ತಗೊಳ್ಳಬೇಕಾಯ್ತು. ದುಡ್ಡು ಕೊಟ್ಟು ಅಂಗಡೀಲಿ ಕೊಂಡ ಸಿಡಿ ಅದು, ನೆನಪಿರಲಿ.

ಈಗಿನದ್ದು ಬೇರೆ ಜಾತಿ. ಇದಕ್ಕೆ ಈ ಫೀಲ್ಡ್‌ನಲ್ಲಿ ಇನ್ಫೋಸ್ಟೀಲರ್ ಅಂತಾರೆ, ಸುಮ್ನೆ ಸ್ಟೀಲರ್ ಅಂತಾನೂ ಅಂತಾರೆ. ರೆಡ್‌ಲೈನ್, ರಕೂನ್, ವಿಡಾರ್, ಲುಮ್ಮಾ ಇವೆಲ್ಲ ಇದರ ಹೆಸರುಗಳು. ಇದಕ್ಕೆ ನಿಮ್ಮನ್ನ ಕೂತು ನೋಡೋ ತಾಳ್ಮೆನೂ ಇಲ್ಲ, ಅಗತ್ಯನೂ ಇಲ್ಲ. ಬರುತ್ತೆ, ಬ್ರೌಸರ್‌ನಲ್ಲಿ ಸೇವ್ ಆಗಿರೋದನ್ನೆಲ್ಲ ಬಾಚ್ಕೊಳ್ಳುತ್ತೆ, ಒಂದು ಜಿಪ್ ಮಾಡಿ ಕಳಿಸುತ್ತೆ, ಸುಮಾರು ಸಲ ತನ್ನನ್ನ ತಾನೇ ಅಳಿಸ್ಕೊಂಡು ಹೋಗುತ್ತೆ. ಇಷ್ಟಕ್ಕೆ ಒಂದೆರಡು ನಿಮಿಷ ಧಾರಾಳ ಸಾಕು. ಮಷೀನ್ ಸ್ಲೋ ಆಗೋಕೆ ಟೈಮೇ ಇರಲ್ಲ. ಇವತ್ತು ಸ್ಕ್ಯಾನ್ ಹೊಡೆದ್ರೆ ಕ್ಲೀನ್ ಅಂತ ಬರೋದು ಸುಳ್ಳೂ ಅಲ್ಲ, ಹೋದ ಕಳ್ಳ ಸ್ಕ್ಯಾನ್‌ಗೆ ಸಿಗಲ್ಲ ಅಷ್ಟೇ. ಹಾಗಾಗಿ ನೀವು ಕೇಳಿದ ಒಳಗೆ ಇದೆಯಾ ಅನ್ನೋ ಪ್ರಶ್ನೆಗಿಂತ ಏನೇನು ಹೊರಗೆ ಹೋಯ್ತು ಅನ್ನೋದೇ ನಿಮಗೆ ಈಗ ಮುಖ್ಯ.

ಆ ಜಿಪ್ ಒಳಗೆ ಏನಿರುತ್ತೆ ಅಂತ ಹೇಳ್ತೀನಿ. ಇದನ್ನ ಕದ್ದು ಮಾರೋರು ಲಾಗ್ ಅಂತ ಕರೀತಾರೆ, ಒಂದು ಕಂಪ್ಯೂಟರ್‌ಗೆ ಒಂದು ಲಾಗ್. ಬಿಚ್ಚಿದ್ರೆ ಪಾಸ್‌ವರ್ಡ್ಸ್ ಅಂತ ಒಂದು ಟೆಕ್ಸ್ಟ್ ಫೈಲ್, ಅದರಲ್ಲಿ ಸೈಟ್ ಹೆಸರು, ಕೆಳಗೆ ಯೂಸರ್ ನೇಮ್, ಕೆಳಗೆ ಪಾಸ್‌ವರ್ಡ್, ಹೀಗೆ ಸಾಲು ಸಾಲು. ಕುಕೀಸ್ ಅಂತ ಒಂದು ಫೋಲ್ಡರ್, ಬ್ರೌಸರ್‌ಗೆ ಒಂದೊಂದು ಫೈಲ್, ನೀವು ಲಾಗಿನ್ ಆಗಿದ್ದೀರಿ ಅನ್ನೋ ಗುರುತು ಇರೋದು ಇದರಲ್ಲಿ. ಆಟೋಫಿಲ್ ಅಂತ ಇನ್ನೊಂದು, ಅದರಲ್ಲಿ ನೀವು ಇಷ್ಟು ದಿನ ಬ್ರೌಸರ್‌ನಲ್ಲಿ ಫಾರ್ಮ್ ತುಂಬಿದಾಗ ಅದು ನೆನಪಿಟ್ಕೊಂಡ ಹೆಸರು, ಅಡ್ರೆಸ್, ಫೋನ್ ನಂಬರ್. ಆ ಕ್ಷಣಕ್ಕೆ ನಿಮ್ಮ ಸ್ಕ್ರೀನ್ ಹೇಗಿತ್ತು ಅಂತ ಒಂದು ಸ್ಕ್ರೀನ್‌ಶಾಟ್. ಕಂಪ್ಯೂಟರ್ ಹೆಸರು, ಊರು, ಐಪಿ ಅಡ್ರೆಸ್, ಯಾವ ಆಂಟಿವೈರಸ್ ಇದೆ ಅನ್ನೋ ವಿವರ. ಕೆಲವು ಸ್ಟೀಲರ್‌ಗಳು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿರೋ ವರ್ಡ್, ಪಿಡಿಎಫ್, ನೋಟ್‌ಪ್ಯಾಡ್ ಫೈಲ್‌ಗಳನ್ನೂ ಹಾಗೇ ಎತ್ಕೊಂಡು ಹೋಗ್ತವೆ, ಪಾಸ್‌ವರ್ಡ್‌ಗಳನ್ನೆಲ್ಲ ಒಂದು ನೋಟ್‌ಪ್ಯಾಡ್‌ನಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಕೊಳ್ಳೋರು ಎಷ್ಟು ಜನ ಅಂತ ಅವರಿಗೂ ಗೊತ್ತು.

ಬ್ರೌಸರ್ ಪಾಸ್‌ವರ್ಡ್‌ನ ಲಾಕ್ ಮಾಡಿ ಇಟ್ಟಿರಲ್ವಾ ಅಂತ ನೀವು ಕೇಳಬಹುದು. ಇಟ್ಟಿರುತ್ತೆ, ಆದ್ರೆ ವಿಂಡೋಸ್‌ನಲ್ಲಿ ಆ ಬೀಗದ ಕೀ ಇರೋದು ನಿಮ್ಮ ಯೂಸರ್ ಅಕೌಂಟ್ ಹತ್ರ, ನಿಮ್ಮ ಲಾಗಿನ್‌ನಲ್ಲಿ ಓಡ್ತಿರೋ ಯಾವ ಪ್ರೋಗ್ರಾಂ ಬಂದು ಕೇಳಿದ್ರೂ ವಿಂಡೋಸ್ ಬಿಚ್ಚಿ ಕೊಡ್ತಿತ್ತು, ಕೇಳಿದ್ದು ಕ್ರೋಮಾ ಕಳ್ಳನಾ ಅಂತ ನೋಡ್ತಿರಲಿಲ್ಲ. 2024ರ ಜುಲೈನಲ್ಲಿ ಕ್ರೋಮ್ 127ರಿಂದ ಗೂಗಲ್‌ನವರು ಇದನ್ನ ಬಿಗಿ ಮಾಡಿದ್ರು, ಕುಕೀ ಬಿಚ್ಚೋಕೆ ಕೇಳ್ತಿರೋದು ನಿಜವಾಗ್ಲೂ ಕ್ರೋಮ್ ಹೌದಾ ಅಂತ ಚೆಕ್ ಮಾಡೋ ಹಾಗೆ. ಒಳ್ಳೇದೇ, ಆದ್ರೆ ಕೆಲವೇ ವಾರದಲ್ಲಿ ಸ್ಟೀಲರ್ ಬರೆಯೋರು ಅದಕ್ಕೂ ದಾರಿ ಕಂಡ್ಕೊಂಡ್ರು.

ಈಗ ನಿಮ್ಮ ಓಟಿಪಿ ವಿಷಯ. ನೀವು ಜಿಮೇಲ್‌ಗೆ ಒಂದ್ಸಲ ಪಾಸ್‌ವರ್ಡ್, ಓಟಿಪಿ ಎರಡೂ ಕೊಟ್ಟು ಒಳಗೆ ಹೋದ್ರೆ ನಾಳೆ ಮತ್ತೆ ಕೇಳಲ್ಲ ಅಲ್ವಾ, ಯಾಕೆ? ಒಳಗೆ ಬಿಟ್ಟ ಮೇಲೆ ಗೂಗಲ್ ನಿಮ್ಮ ಬ್ರೌಸರ್‌ಗೆ ಒಂದು ಉದ್ದನೆ ಗುರುತಿನ ಕೋಡ್ ಕೊಟ್ಟಿರುತ್ತೆ, ಅದೇ ಕುಕೀ, ಮುಂದಿನ ಸಲ ಬ್ರೌಸರ್ ಅದನ್ನ ತೋರಿಸುತ್ತೆ, ಓ ಇವರಾ ಅಂತ ಗೂಗಲ್ ಬಿಡುತ್ತೆ. ಆ ಕುಕೀನ ಕಾಪಿ ಮಾಡಿ ಇನ್ನೊಂದು ದೇಶದ ಕಂಪ್ಯೂಟರ್‌ನ ಬ್ರೌಸರ್‌ಗೆ ಹಾಕಿದ್ರೆ ಅಲ್ಲಿಂದಲೂ ಎಷ್ಟೋ ಸಲ ಸೀದಾ ಒಳಗೆ. ಲಾಗಿನ್ ಪುಟವೇ ಬರಲ್ಲ, ಮತ್ತೆ ಓಟಿಪಿ ಎಲ್ಲಿಂದ ಬರಬೇಕು. ನಿಮ್ಮಿಂದ ಯಾರೂ ಓಟಿಪಿ ಕದ್ದಿಲ್ಲ, ಅದರ ಪಕ್ಕದಿಂದ ಹಾದು ಹೋಗಿದ್ದಾರೆ. ಓಟಿಪಿ ಇಟ್ಟು ಏನು ಪ್ರಯೋಜನ ಅಂತ ತೆಗೆದು ಹಾಕೋಕೆ ಹೋಗಬೇಡಿ, ಬರೀ ಪಾಸ್‌ವರ್ಡ್ ಸಿಕ್ಕೋರನ್ನ ಅದು ಇನ್ನೂ ತಡೆಯುತ್ತೆ. ಪಾಸ್‌ವರ್ಡ್ ಬದಲಾಯಿಸೋದಷ್ಟೇ ಅಲ್ಲ ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ ಅಂತ ಮೇಲೆ ಹೇಳಿದ್ದು ಈ ಕುಕೀಗೋಸ್ಕರ, ಸೈನ್ ಔಟ್ ಆದ್ರೆ ಮಾತ್ರ ಕದ್ದ ಕುಕೀ ಸತ್ತ ಹಾಗೆ.

ಇದೆಲ್ಲ ಒಬ್ಬಿಬ್ಬರಿಗೆ ಆಗೋದು ಅನ್ಕೋಬೇಡಿ. ಲುಮ್ಮಾ ಒಂದರಿಂದಲೇ 2025ರ ಮಾರ್ಚ್ 16ರಿಂದ ಮೇ 16ರ ನಡುವೆ ಪ್ರಪಂಚದಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹತ್ತಿದ್ದನ್ನ ಮೈಕ್ರೋಸಾಫ್ಟ್‌ನವರು ಲೆಕ್ಕ ಹಾಕಿದ್ದಾರೆ. ಬರೀ ಎರಡು ತಿಂಗಳು, ಬರೀ ಒಂದು ಸ್ಟೀಲರ್. ಆ ಮೇ ತಿಂಗಳಲ್ಲೇ ಮೈಕ್ರೋಸಾಫ್ಟ್, ಅಮೆರಿಕದ ನ್ಯಾಯಾಂಗ ಇಲಾಖೆ ಎಲ್ಲ ಸೇರಿ ಅದರ ಸುಮಾರು 2,300 ಡೊಮೈನ್, ಅಂದ್ರೆ ವೆಬ್ ವಿಳಾಸ, ಕಿತ್ಕೊಂಡ್ರು. ಅದಕ್ಕೂ ಮುಂಚೆ 2024ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್ ಪೊಲೀಸರು, ಎಫ್‌ಬಿಐ ಸೇರ್ಕೊಂಡು ರೆಡ್‌ಲೈನ್‌ನ ಸರ್ವರ್‌ಗಳನ್ನ ಹಿಡಿದಿದ್ರು. ಲುಮ್ಮಾ ಮಾತ್ರ ಕೆಲವೇ ವಾರಕ್ಕೆ ಮತ್ತೆ ತಲೆ ಎತ್ತಿತು. ಇದು ಚಂದಾ ಕಟ್ಟಿ ಬಾಡಿಗೆಗೆ ತಗೊಳ್ಳೋ ಸರಕು ಮೇಡಂ, ಕೋಡ್ ಬರೆಯೋನು ಒಬ್ಬ, ಬಾಡಿಗೆಗೆ ತಗೊಂಡು ಹರಡೋನು ಇನ್ನೊಬ್ಬ, ಲಾಗ್ ಕೊಳ್ಳೋನು ಮತ್ತೊಬ್ಬ, ನಿಮ್ಮ ಇನ್‌ಸ್ಟಾಗ್ರಾಂ ಕಿತ್ಕೊಂಡೋನಿಗೆ ನೀವು ಯಾರು ಅಂತಾನೇ ಗೊತ್ತಿರಲ್ಲ.

ಬಂದಿದ್ದು ಎಲ್ಲಿಂದ? ನೀವೇ ಬರೆದಿದ್ದೀರಿ, ಆಕ್ಟಿವೇಟ್ ಮಾಡಿಕೊಟ್ಟ ಅಂತ. ಲ್ಯಾಪ್‌ಟಾಪ್ ನೋಡದೆ ಇದೇ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ, ಆದ್ರೆ ನನ್ನ ಅನುಮಾನ ಮೊದಲು ಹೋಗೋದು ಅಲ್ಲಿಗೇ. ದುಡ್ಡು ಕೊಡದೇ ಸಾಫ್ಟ್‌ವೇರ್ ಆಕ್ಟಿವೇಟ್ ಮಾಡೋ ಕ್ರ್ಯಾಕ್ ಫೈಲ್ ಹೇಗೆ ಬರುತ್ತೆ ನೋಡಿ. ಒಂದು ಜಿಪ್, ಅದಕ್ಕೆ ಪಾಸ್‌ವರ್ಡ್, ಪಾಸ್‌ವರ್ಡ್ ಏನು ಅಂತ ಪಕ್ಕದಲ್ಲೇ ಬರೆದಿರ್ತಾರೆ. ಗುಟ್ಟಲ್ಲದ ಪಾಸ್‌ವರ್ಡ್ ಯಾಕೆ ಬೇಕು? ಪಾಸ್‌ವರ್ಡ್ ಇರೋ ಜಿಪ್ ಒಳಗೆ ಆಂಟಿವೈರಸ್ ಇಣುಕಿ ನೋಡೋಕಾಗಲ್ಲ, ಅದಕ್ಕೆ. ಜೊತೆಗೆ ಒಂದು ಸೂಚನೆ: ಮೊದಲು ಆಂಟಿವೈರಸ್ ಆಫ್ ಮಾಡಿ, ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ. ಅಂದ್ರೆ ಮನೆಯವರ ಕೈಯಲ್ಲೇ ಬಾಗಿಲು ತೆಗೆಸಿದ ಹಾಗಾಯ್ತು, ಇನ್ನು ಆಂಟಿವೈರಸ್ ಏನ್ ಮಾಡುತ್ತೆ ಪಾಪ.

ಇದಕ್ಕೆ ಒಂದು ಸುಲಭದ ಸಾಕ್ಷಿ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಸಿಗಬಹುದು, ಫಾರ್ಮ್ಯಾಟ್ ಹೊಡೆಸೋಕೆ ಮುಂಚೆ ನೋಡಿ, ಇಂಟರ್ನೆಟ್ ಬೇಕಾಗಿಲ್ಲ. ವಿಂಡೋಸ್ ಸೆಕ್ಯುರಿಟಿ ತೆಗೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ, ಪುಟದ ಕೊನೇಲಿ ಎಕ್ಸ್‌ಕ್ಲೂಷನ್ಸ್ ಅಂತ ಇರುತ್ತೆ. ಈ ಜಾಗಗಳನ್ನ ಸ್ಕ್ಯಾನ್ ಮಾಡಬೇಡ ಅಂತ ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್‌ಗೆ ಹೇಳಿರೋ ಪಟ್ಟಿ ಅದು. ಮಾಮೂಲಿ ಬಳಕೆದಾರರ ಮಷೀನ್‌ನಲ್ಲಿ ಅದು ಖಾಲಿ ಇರಬೇಕು. ನಾನು ನೋಡಿರೋ ಅಂಗಡಿ ಮಷೀನ್‌ಗಳಲ್ಲಿ ಅಲ್ಲಿ ಆಕ್ಟಿವೇಟರ್‌ನ ಫೋಲ್ಡರ್ ಇರುತ್ತೆ, ಡೌನ್‌ಲೋಡ್ಸ್ ಇರುತ್ತೆ, ಒಂದ್ರಲ್ಲಂತೂ ಇಡೀ ಸಿ ಡ್ರೈವೇ ಇತ್ತು, ಆ ಡಿಫೆಂಡರ್ ದಿನಾ ಹಸಿರು ಟಿಕ್ ತೋರಿಸ್ಕೊಂಡು ಆರಾಮಾಗಿ ಕೂತಿತ್ತು! ಅಲ್ಲಿ ಏನಾದ್ರೂ ಇದ್ರೆ, ಮತ್ತೆ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಆ ಹುಡುಗ ಬಂದ ದಿನದ ಹತ್ರ ಅಲೋ ಮಾಡಿರೋ ಐಟಂ ಇದ್ರೆ, ಎರಡನ್ನೂ ಫೋನ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ನಿಮ್ಮದು ಬೇರೆ ಕಂಪನಿ ಆಂಟಿವೈರಸ್ ಆಗಿದ್ರೆ ಅದರ ಸೆಟ್ಟಿಂಗ್ಸ್‌ನಲ್ಲೂ ಇಂಥದ್ದೇ ಪಟ್ಟಿ ಇರುತ್ತೆ.

ಕ್ರ್ಯಾಕ್ ಅಲ್ಲದೇ ಇದ್ರೆ ಇನ್ನೊಂದು ದಾರಿ ಇದೆ, 2024ರಿಂದ ಈಚೆಗೆ ಜೋರಾಗಿದೆ, ಅಂಗಡೀಲಿ ಕೆಲಸ ಮಾಡೋ ಹುಡುಗರಿಗೂ ತಪ್ಪದೆ ಹೇಳಿ. ಯಾವುದೋ ಸೈಟ್‌ಗೆ ಹೋದಾಗ ನಾನು ರೋಬೋಟ್ ಅಲ್ಲ ಅನ್ನೋ ಚೆಕ್ ಬರುತ್ತಲ್ಲ, ಅದೇ ತರ ಕಾಣೋ ಪುಟ. ಟಿಕ್ ಮಾಡಿದ್ರೆ, ವೆರಿಫೈ ಆಗಬೇಕಂದ್ರೆ ವಿಂಡೋಸ್ ಕೀ ಮತ್ತೆ ಆರ್ ಒಟ್ಟಿಗೆ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅಂತ ಹೇಳುತ್ತೆ. ನೀವು ಟಿಕ್ ಮಾಡಿದಾಗಲೇ ಆ ಪುಟ ನಿಮ್ಮ ಕ್ಲಿಪ್‌ಬೋರ್ಡ್‌ಗೆ ಒಂದು ಕಮಾಂಡ್ ಕಾಪಿ ಮಾಡಿರುತ್ತೆ, ರನ್ ಬಾಕ್ಸ್ ತೆಗೆದು ಪೇಸ್ಟ್ ಮಾಡಿ ಎಂಟರ್ ಹೊಡೆಯೋದು ನೀವೇ, ಸ್ಟೀಲರ್ ಇಳಿಯುತ್ತೆ. ಯಾವ ಅಸಲಿ ಸೈಟೂ ನಿಮ್ಮನ್ನ ರನ್ ಬಾಕ್ಸ್‌ಗೆ ಕಳಿಸಲ್ಲ.

ಕ್ಯಾಮೆರಾ ಭಯದ ಬಗ್ಗೆ. ಸುಮ್ನೆ ಹೆದರ್ತಿದ್ದೀರಿ ಅಂತ ನಾನು ಹೇಳಲ್ಲ, ನಡೆದಿರೋ ಕಥೆಗಳೇ ಬೇಕಾದಷ್ಟಿವೆ. ಬ್ಲ್ಯಾಕ್‌ಶೇಡ್ಸ್ ಅನ್ನೋ ಸಾಫ್ಟ್‌ವೇರ್‌ನ 40 ಡಾಲರ್‌ಗೆ ಯಾರು ಬೇಕಾದ್ರೂ ಕೊಳ್ಳಬಹುದಿತ್ತು, ಇನ್ನೊಬ್ಬರ ಕಂಪ್ಯೂಟರ್‌ಗೆ ಹಾಕಿದ್ರೆ ಕ್ಯಾಮೆರಾ ಆನ್ ಮಾಡಬಹುದು, ಕೀಬೋರ್ಡ್‌ನಲ್ಲಿ ಒತ್ತಿದ್ದನ್ನೆಲ್ಲ ಓದಬಹುದು. 2014ರ ಮೇನಲ್ಲಿ ಅದನ್ನ ಮಾರ್ತಿದ್ದೋರು, ಕೊಂಡಿದ್ದೋರನ್ನ ಹಲವು ದೇಶಗಳಲ್ಲಿ ಒಟ್ಟಿಗೆ ಹಿಡಿದ್ರು, ಅಷ್ಟೊತ್ತಿಗೆ 100ಕ್ಕೂ ಹೆಚ್ಚು ದೇಶದ ಐದು ಲಕ್ಷಕ್ಕೂ ಮೀರಿ ಕಂಪ್ಯೂಟರ್‌ಗಳಿಗೆ ಹತ್ತಿತ್ತು ಅಂತ ಎಫ್‌ಬಿಐ ಹೇಳ್ತು. ಅಮೆರಿಕದಲ್ಲಿ ಬಾಡಿಗೆ ಲ್ಯಾಪ್‌ಟಾಪ್ ಕೊಡೋ ಅಂಗಡಿಗಳದ್ದು ಇನ್ನೂ ವಿಚಿತ್ರ. ಕಂತು ಕಟ್ಟದೇ ಇರೋರನ್ನ ಹುಡುಕೋಕೆ ಅಂತ ಒಂದು ಸಾಫ್ಟ್‌ವೇರ್ ಹಾಕಿದ್ರು, ಅದರಲ್ಲಿ ಡಿಟೆಕ್ಟಿವ್ ಮೋಡ್ ಅಂತ ಒಂದು, ಆನ್ ಮಾಡಿದ್ರೆ ಬಳಸ್ತಿರೋರಿಗೆ ಗೊತ್ತಾಗದೇ ಸ್ಕ್ರೀನ್‌ಶಾಟ್, ಟೈಪ್ ಮಾಡಿದ್ದು, ವೆಬ್‌ಕ್ಯಾಮ್ ಫೋಟೋ ಎಲ್ಲ ಹೋಗ್ತಿತ್ತು, ಮನೆಯೊಳಗೆ ಮಕ್ಕಳು, ಬಟ್ಟೆ ಸರಿಯಾಗಿ ಹಾಕಿಲ್ಲದೋರು ಎಲ್ಲ ಅದರಲ್ಲಿ ಸಿಕ್ಕಿಬಿದ್ರು. ವಿಂಡೋಸ್ ರಿಜಿಸ್ಟ್ರೇಷನ್ ಅಂತ ಸುಳ್ಳು ಪುಟ ತೋರಿಸಿ ಹೆಸರು, ಅಡ್ರೆಸ್ ಕೂಡ ಬರೆಸ್ಕೊಳ್ತಿದ್ರು. 2012ರಲ್ಲಿ ಗ್ರಾಹಕರ ಹಿತ ಕಾಯೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆ ಸಾಫ್ಟ್‌ವೇರ್ ಕಂಪನಿಯನ್ನೂ ಏಳು ಬಾಡಿಗೆ ಕಂಪನಿಗಳನ್ನೂ ಹಿಡಿದು ನಿಲ್ಲಿಸ್ತು. ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲೆಗಳಲ್ಲಿ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪ್‌ನಿಂದ ಮನೆಯೊಳಗಿನ ಫೋಟೋ ತೆಗೆದಿದ್ದು 2010ರಲ್ಲಿ ಹೊರಗೆ ಬಂದು 6,10,000 ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು.

ಈ ಕೊನೆ ಎರಡು ಕೇಸ್ ನೋಡಿ, ಕದ್ದು ನೋಡಿದ್ದು ಯಾರೋ ಗುರುತಿಲ್ಲದ ಹ್ಯಾಕರ್ ಅಲ್ಲ, ಲ್ಯಾಪ್‌ಟಾಪ್ ಕೈಗೆ ಕೊಟ್ಟೋರೇ. ನನ್ನ ಕೇಳಿದ್ರೆ ಕ್ಯಾಮೆರಾ, ಕೀಲಾಗರ್ (ಟೈಪ್ ಮಾಡಿದ್ದನ್ನ ಕದಿಯೋದು) ವಿಷಯದಲ್ಲಿ ಮೊದಲು ಅನುಮಾನ ಪಡಬೇಕಾದ್ದು ಲ್ಯಾಪ್‌ಟಾಪ್‌ನ ಕೈಯಲ್ಲಿ ಮುಟ್ಟಿದ್ದೋರನ್ನ: ಸರ್ವೀಸ್‌ಗೆ ಒಯ್ದೋರು, ಕೆಲಸಕ್ಕಿದ್ದು ಬಿಟ್ಟು ಹೋದೋರು, ಮನೆಯೋರೂ ಆಗಬಹುದು. ದೂರದಿಂದಲೇ ಕಂಪ್ಯೂಟರ್ ನಡೆಸೋ ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥವು ಕೆಲಸದ ಸಾಫ್ಟ್‌ವೇರೇ, ಆಂಟಿವೈರಸ್ ಇವನ್ನ ತಪ್ಪು ಅನ್ನಲ್ಲ, ಆದ್ರೆ ನಿಮಗೆ ಗೊತ್ತಿಲ್ಲದೇ ಪಾಸ್‌ವರ್ಡ್ ಸೆಟ್ ಮಾಡಿ ಬಿಟ್ಟು ಹೋಗಿದ್ರೆ ಅವರು ಮನೇಲಿ ಕೂತೇ ನಿಮ್ಮ ಸ್ಕ್ರೀನ್ ನೋಡಬಹುದು. ಇನ್‌ಸ್ಟಾಲ್ ಆಗಿರೋ ಆ್ಯಪ್‌ಗಳ ಪಟ್ಟೀಲಿ ಇವು ಇದ್ಯಾ ನೋಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಕ್ಯಾಮೆರಾ, ಯಾವ ಆ್ಯಪ್ ಕೊನೇ ಸಲ ಯಾವಾಗ ಕ್ಯಾಮೆರಾ ಬಳಸ್ತು ಅಂತ ಅಲ್ಲಿರುತ್ತೆ, ಮಗಳ ಟ್ಯೂಷನ್ ಟೈಮ್ ಬಿಟ್ಟು ರಾತ್ರಿ ಹೊತ್ತಲ್ಲಿ ಯಾವುದಾದ್ರೂ ಇದ್ರೆ ಗೊತ್ತಾಗುತ್ತೆ. ಮೈಕ್ರೋಫೋನ್‌ಗೂ ಹೀಗೇ ಒಂದು ಪುಟ ಇದೆ. ಆ ಪುಟವನ್ನ ತಪ್ಪಿಸ್ಕೊಳ್ಳೋ ಸಾಫ್ಟ್‌ವೇರೂ ಇರಬಹುದು, ಅದಕ್ಕೇ ಅಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಪೂರ್ತಿ ನಿರಾಳ ಆಗಬೇಡಿ.

ಕ್ಯಾಮೆರಾ ಪಕ್ಕದ ಲೈಟ್ ಉರೀದಿದ್ರೆ ಕ್ಯಾಮೆರಾ ಆಫ್ ಅಂತ ನಂಬಬಹುದಾ? ಮುಕ್ಕಾಲು ಪಾಲು ನಂಬಬಹುದು. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯವರು ಹಳೇ ಮ್ಯಾಕ್‌ಬುಕ್‌ಗಳಲ್ಲಿ ಲೈಟ್ ಉರಿಯದೇ ಕ್ಯಾಮೆರಾ ಆನ್ ಮಾಡಿ ತೋರಿಸಿದ್ರು. ನಿಮ್ಮ ಲ್ಯಾಪ್‌ಟಾಪ್‌ಗೆ ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಕ್ಲಾಸ್ ಟೈಮಲ್ಲಿ ತೆಗೀರಿ, ನಾಚ್ಕೊಳ್ಳೋದೇನಿಲ್ಲ, 2016ರಲ್ಲಿ ಮಾರ್ಕ್ ಜುಕರ್‌ಬರ್ಗ್ ಹಾಕಿದ ಒಂದು ಫೋಟೋದಲ್ಲಿ ಅವರ ಲ್ಯಾಪ್‌ಟಾಪ್ ಕ್ಯಾಮೆರಾಗೂ ಟೇಪ್ ಇದ್ದಿದ್ದನ್ನ ಜನ ಕಂಡು ಹಿಡಿದಿದ್ರು. ಟೇಪ್ ಮೈಕ್‌ನ ಮುಚ್ಚಲ್ಲ ಅನ್ನೋದು ಗೊತ್ತಿರಲಿ. ನಿಮ್ಮ ಕೇಸ್‌ನಲ್ಲಿ ಆಗಿರೋದನ್ನ ನೋಡಿದ್ರೆ ನನಗೆ ಕ್ಯಾಮೆರಾಗಿಂತ ಲಾಗಿನ್‌ಗಳ ಚಿಂತೆನೇ ಜಾಸ್ತಿ.

ಅದಕ್ಕಿಂತ ದೊಡ್ಡ ಚಿಂತೆ ಒಂದಿದೆ, ನೀವು ಪ್ರಶ್ನೆಯಲ್ಲಿ ಎತ್ತಿಲ್ಲ. ಅದು ಅಂಗಡಿಯ ಲ್ಯಾಪ್‌ಟಾಪ್. ಜಾತಿ ಆದಾಯ ಪ್ರಮಾಣಪತ್ರಕ್ಕೆ, ಸ್ಕಾಲರ್‌ಶಿಪ್‌ಗೆ, ಸೇವಾಸಿಂಧು ಅರ್ಜಿಗೆ ಅಂತ ಬಂದೋರ ಆಧಾರ್ ಸ್ಕ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೊದಲ ಪುಟ, ಮಾರ್ಕ್ಸ್ ಕಾರ್ಡ್ ಎಲ್ಲ ಡೌನ್‌ಲೋಡ್ಸ್‌ನಲ್ಲಿ ಹಾಗೇ ಬಿದ್ದಿರುತ್ತೆ ಅಲ್ವಾ? ವಾಟ್ಸಾಪ್ ವೆಬ್ ಬೆಳಗ್ಗಿಂದ ರಾತ್ರಿವರೆಗೂ ಓಪನ್, ಜನ ಪ್ರಿಂಟ್‌ಗೆ ಕಳಿಸಿದ್ದೆಲ್ಲ ಅದರಲ್ಲಿ. ಆಟೋಫಿಲ್‌ನಲ್ಲಿ ಒಂದು ಅಕ್ಷರ ಒತ್ತಿದ್ರೆ ಊರಿನವರ ಹೆಸರು, ಫೋನ್ ನಂಬರ್ ಉದುರುತ್ತೆ. ನಿಮ್ಮ ಪ್ರೈವೆಸಿ ಜೊತೆ ಇಷ್ಟೂ ಜನರದ್ದು ಆ ಜಿಪ್‌ನಲ್ಲಿ ಹೋಗಿರಬಹುದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟ್‌ನ ಒಂಬತ್ತು ಜಡ್ಜ್‌ಗಳ ಪೀಠ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸ್‌ನಲ್ಲಿ, ಅದೂ ಆಧಾರ್ ವಿಷಯ ಹಿಡ್ಕೊಂಡೇ ಶುರುವಾದ ಕೇಸ್. ನಮ್ಮ ಜೆರಾಕ್ಸ್ ಅಂಗಡಿಗಳ ಡೌನ್‌ಲೋಡ್ಸ್ ಫೋಲ್ಡರ್‌ವರೆಗೂ ಆ ಹಕ್ಕು ಇನ್ನೂ ಬಂದಿಲ್ಲ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಎಲ್ಲ ಲಾಗೌಟ್ ಮಾಡಿ. ಈ ನಡುವೆ ಆಧಾರ್ ಕೊಟ್ಟು ಕೆಲಸ ಮಾಡಿಸ್ಕೊಂಡೋರಲ್ಲಿ ನಿಮಗೆ ಪರಿಚಯ ಇರೋರಿಗೆ, ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡ್ಕೊಳ್ಳಿ, ಬ್ಯಾಂಕ್‌ನವರು ಅಂತ ಫೋನ್ ಬಂದ್ರೆ ಹುಷಾರು ಅಂತ ಹೇಳಿಬಿಡಿ, ಮುಜುಗರ ಆಗುತ್ತೆ ಗೊತ್ತು, ಆದ್ರೂ.

ಇನ್ನು ಫಾರ್ಮ್ಯಾಟ್. ಬೇರೆ ಒಳ್ಳೇ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸೈಟ್‌ನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ ಪೆನ್‌ಡ್ರೈವ್ ಮಾಡ್ಕೊಂಡು, ಡ್ರೈವ್ ಪೂರ್ತಿ ಅಳಿಸಿ ಹಾಕಿಸಿ, ಫೈಲ್ಸ್ ಹಾಗೇ ಇಟ್ಕೊಂಡು ರಿಸೆಟ್ ಅನ್ನೋ ಆಪ್ಷನ್ ಬೇಡ. ಬ್ಯಾಕಪ್ ತಗೊಳ್ಳುವಾಗ ಬರೀ ಡಾಕ್ಯುಮೆಂಟ್, ಫೋಟೋ, ಡಿಸೈನ್ ಫೈಲ್ ಇಷ್ಟೇ ತಗೊಳ್ಳಿ. ಸೆಟಪ್ ಫೈಲ್‌ಗಳು ಬೇಡವೇ ಬೇಡ, ಅದರಲ್ಲೂ ಆ ಆಕ್ಟಿವೇಟರ್. ವಿಂಡೋಸ್ 10 ಇದ್ರೆ ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಮಷೀನ್ ತಡೆಯೋದಾದ್ರೆ 11 ಹಾಕಿಸಿ.

ಫಾರ್ಮ್ಯಾಟ್ ಆದ್ಮೇಲೂ ಒಂದು ಹಿಂದಿನ ಬಾಗಿಲಿದೆ, ಕ್ರೋಮ್ ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ. ನೀವು ಹೊಸ ವಿಂಡೋಸ್‌ನಲ್ಲಿ ಕ್ರೋಮ್‌ಗೆ ಲಾಗಿನ್ ಆದ ತಕ್ಷಣ ಸಿಂಕ್ ಅನ್ನೋದು ಹಳೇ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ವಾಪಸ್ ಕರ್ಕೊಂಡು ಬರುತ್ತೆ, ಕೆಟ್ಟದ್ದನ್ನೂ ಸೇರಿಸಿ. ಇವತ್ತು ಒಳ್ಳೇದಿರೋದು ನಾಳೆ ಕೈ ಬದಲಾಗಬಹುದು, ದಿ ಗ್ರೇಟ್ ಸಸ್ಪೆಂಡರ್ ಅಂತ ಲಕ್ಷಾಂತರ ಜನ ಬಳಸ್ತಿದ್ದ ಎಕ್ಸ್‌ಟೆನ್ಷನ್ 2020ರಲ್ಲಿ ಬೇರೆಯೋರ ಕೈ ಸೇರಿ, 2021ರ ಫೆಬ್ರವರಿಯಲ್ಲಿ ಅದರಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್‌ನವರೇ ಕಿತ್ತು ಹಾಕಿದ್ರು. ಇನ್ನು ಆಂಟಿವೈರಸ್ ಕಂಪನಿ ಅವಾಸ್ಟ್‌ನದ್ದು ಬೇಲಿನೇ ಎದ್ದು ಹೊಲ ಮೇಯ್ದ ಕಥೆ: ನಿಮ್ಮನ್ನ ಟ್ರ್ಯಾಕ್ ಮಾಡೋರಿಂದ ಕಾಪಾಡ್ತೀವಿ ಅಂತ ಹೇಳ್ಕೊಂಡು, ಜನ ಯಾವ್ಯಾವ ಸೈಟ್ ನೋಡ್ತಾರೆ ಅನ್ನೋದನ್ನ ಜಂಪ್‌ಶಾಟ್ ಅನ್ನೋ ತನ್ನದೇ ಕಂಪನಿ ಮೂಲಕ ಮಾರ್ತಿತ್ತು, 2024ರಲ್ಲಿ ಎಫ್‌ಟಿಸಿ 165 ಲಕ್ಷ ಡಾಲರ್ ಕಕ್ಕಿಸ್ತು. ಹಾಗಾಗಿ ಫ್ರೀ ಸಿಕ್ತು ಅಂತ ಮೂರು ಆಂಟಿವೈರಸ್ ತುಂಬಬೇಡಿ, ವಿಂಡೋಸ್ ಜೊತೆ ಬರೋ ಡಿಫೆಂಡರ್ ನಿಮಗೆ ಸಾಕು, ಎಕ್ಸ್‌ಕ್ಲೂಷನ್ ಖಾಲಿ ಇರಲಿ. ಅಂಗಡಿ ಕೆಲಸಕ್ಕೆ ಒಂದು, ಮಗಳಿಗೆ ಒಂದು ಅಂತ ಬೇರೆ ಬೇರೆ ಸ್ಟ್ಯಾಂಡರ್ಡ್ ಯೂಸರ್ ಅಕೌಂಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ರ ಮಾತ್ರ. ಹಳೇ ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪ್ರತಿಯೊಂದು ಪಾಸ್‌ವರ್ಡೂ ಹೋಗಿದೆ ಅಂತಲೇ ತಿಳ್ಕೊಂಡು ಒಂದೊಂದಾಗಿ ಬದಲಾಯಿಸಿ, ಮೊದಲು ಬ್ಯಾಂಕ್, ಆಮೇಲೆ ಜಿಎಸ್‌ಟಿ, ಪೋರ್ಟಲ್ ಲಾಗಿನ್‌ಗಳು.

ಡಿಸೈನ್ ಸಾಫ್ಟ್‌ವೇರ್ ಇಲ್ಲದೇ ಅಂಗಡಿ ನಡಿಯಲ್ಲ ಅಂತೀರಿ, ಗೊತ್ತು. ನಮ್ಮ ಡಿಟಿಪಿಯೋರ ಕಷ್ಟ ಬೇರೆಯೋರಿಗೆ ಅರ್ಥ ಆಗಲ್ಲ, ವರ್ಷಗಟ್ಟಲೆ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಎಲ್ಲ ನುಡಿ ಆಸ್ಕಿ ಫಾಂಟ್‌ನಲ್ಲಿ ಪೇಜ್‌ಮೇಕರ್‌ನಲ್ಲೋ ಕೋರೆಲ್‌ನಲ್ಲೋ ಇರುತ್ತೆ, ಪೇಜ್‌ಮೇಕರ್‌ನ ಕೊನೇ ವರ್ಷನ್ 7 ಬಂದಿದ್ದೇ 2001ರಲ್ಲಿ, ಆದ್ರೂ ಬಿಡಕ್ಕಾಗಲ್ಲ. ಹಳೇದು ಬೇಕೇ ಬೇಕು ಅಂದ್ರೆ ಮೂಲೇಲಿ ಬಿದ್ದಿರೋ ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಅದನ್ನ ಹಾಕಿ, ಅದಕ್ಕೆ ಇಂಟರ್ನೆಟ್ ಕೊಡಲೇಬೇಡಿ, ಕದಿಯೋ ಅಂಥದ್ದು ಒಳಗೆ ಬಂದ್ರೂ ಕಳಿಸೋಕೆ ದಾರಿ ಇರಲ್ಲ. ಹೊಸ ಕೆಲಸಕ್ಕೆ ಯೂನಿಕೋಡ್ ಜೊತೆ ಇಂಕ್‌ಸ್ಕೇಪ್, ಸ್ಕ್ರೈಬಸ್ ಟ್ರೈ ಮಾಡಿ, ಎರಡೂ ಫ್ರೀ, ಒತ್ತಕ್ಷರ ಸರಿಯಾಗಿ ಬರ್ತಿದೆಯಾ ಅಂತ ಒಂದು ಪ್ರಿಂಟ್ ತೆಗೆದು ನೋಡ್ಕೊಂಡು ಆಮೇಲೆ ಆರ್ಡರ್ ಹಿಡೀರಿ.

ದೂರು ಕೊಡಿ. ಇಂಥದ್ದು ಐಟಿ ಕಾಯ್ದೆಯ 43, 66ನೇ ಸೆಕ್ಷನ್‌ಗೆ ಬರುತ್ತೆ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ, ನಿಮ್ಮ ಹೆಸರಲ್ಲಿ ಬೇರೆಯೋರು ಪೇಜ್ ನಡೆಸ್ತಿದ್ರೆ 66ಸಿ ಕೂಡ. ದುಡ್ಡು ಹೋಗಿದ್ರೆ ತಡ ಮಾಡದೇ 1930ಕ್ಕೆ ಫೋನ್, ಇಲ್ಲದಿದ್ರೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಬರೆದು, ಆ ನಂಬರ್ ಹಿಡ್ಕೊಂಡು ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡ್ಕೊಳ್ಳೋ) ಪೊಲೀಸ್ ಠಾಣೆಗೆ ಹೋಗಿ. ಎಕ್ಸ್‌ಕ್ಲೂಷನ್ ಪಟ್ಟಿಯ ಫೋಟೋ, ಗೂಗಲ್‌ನಿಂದ ಬಂದ ಮೆಸೇಜ್, ಪೇಜ್ ಹೋದ ದಿನ, ಹೊತ್ತು ಎಲ್ಲ ಒಂದು ಹಾಳೇಲಿ ಬರ್ಕೊಂಡು ಹೋದ್ರೆ ಕೆಲಸ ಸಲೀಸು. ಇನ್‌ಸ್ಟಾಗ್ರಾಂಗೆ ಅವರದ್ದೇ ಹ್ಯಾಕ್ ಆದ ಅಕೌಂಟ್‌ನ ರಿಕವರಿ ಪುಟ ಇದೆ, ಮೇಲ್ ವಾಪಸ್ ನಿಮ್ಮ ಕೈಗೆ ಬಂದ್ಮೇಲೆ ಅದನ್ನ ಮಾಡಿ, ಮುಂಚೆ ಮಾಡಿದ್ರೆ ರಿಕವರಿ ಲಿಂಕೂ ಕಳ್ಳನಿಗೇ ಹೋಗುತ್ತೆ. ಪೇಜ್ ವಾಪಸ್ ಕೊಡಿಸ್ತೀನಿ ಇಷ್ಟು ಕೊಡಿ ಅಂತ ಮೆಸೇಜ್ ಮಾಡೋರನ್ನ ಬ್ಲಾಕ್ ಮಾಡಿ.

ಆ ಸರ್ವೀಸ್ ಹುಡುಗನಿಗೆ ಫೋನ್ ಮಾಡಿ, ಜಗಳಕ್ಕಲ್ಲ. ಅವನಿಗೂ ಬಹುಶಃ ಗೊತ್ತಿರಲ್ಲ, ಎಲ್ಲಿಂದಲೋ ಇಳಿಸ್ಕೊಂಡಿದ್ದನ್ನ ಪೆನ್‌ಡ್ರೈವ್‌ನಲ್ಲಿ ಇಟ್ಕೊಂಡು ಊರೆಲ್ಲ ಹಾಕ್ತಿರ್ತಾನೆ. ಫೈಲ್ ಯಾವುದು, ಎಲ್ಲಿಂದ ತಗೊಂಡ, ನಿಮ್ಮದಾದ್ಮೇಲೆ ಇನ್ಯಾವ್ಯಾವ ಅಂಗಡಿಗೆ ಹಾಕಿದ್ದಾನೆ ಅಂತ ಕೇಳಿ. ಆ ಅಂಗಡಿಯೋರ ಲ್ಯಾಪ್‌ಟಾಪೂ ಇವತ್ತು ಸ್ಲೋ ಇರಲ್ಲ, ಸ್ಕ್ಯಾನೂ ಕ್ಲೀನ್ ಅಂತಿರುತ್ತೆ, ಅವರಿಗೂ ಫೋನ್‌ನಿಂದಲೇ ಮೊದಲು ಸೈನ್ ಔಟ್ ಮಾಡೋಕೆ ಹೇಳಿ.